‘ಮ್ಯಾನ್ಲಿನೆಸ್’ ಪದದ ಎದುರು ಯಾರು?

ಒಂದು ಪದದ ಅರ್ಥ ತಿಳಿಯಬೇಕಾದರೆ ಅದರ ವಿರುದ್ಧ ಪದ ಯಾವುದೆಂದು ಕೇಳಬೇಕು. ಇಂಗ್ಲಿಷಿನ ‘ಮ್ಯಾನ್ಲಿನೆಸ್’ಗೆ ವಿರುದ್ಧ ಯಾವುದೆಂದರೆ ಇಂದು ಹೆಚ್ಚಿನವರು ಹೆಣ್ಣುತನ ಎಂದಾರು. ಹತ್ತೊಂಬತ್ತನೆಯ ಶತಮಾನದ ಆರಂಭದ ಇಂಗ್ಲೆಂಡಿನ ಶಾಲಾ ಗುರುಗಳು ಕೊಡುತ್ತಿದ್ದ ಉತ್ತರ ಬೇರೆ: ಹುಡುಗತನ.

ಹಳೆಯ ಇಂಗ್ಲಿಷಿನಲ್ಲಿ ‘ಮನ್’ ಎಂದರೆ ಮನುಷ್ಯ. ಗಂಡಸಿಗೆ ಇದ್ದ ಪದ ‘ವೆರ್’. ಲ್ಯಾಟಿನ್ನಿನ ‘ವಿರ್’, ಸಂಸ್ಕೃತದ ‘ವೀರ’ ಇದರ ಬಂಧುಗಳು. ‘ವೆರ್’ ಬಳಕೆ ತಪ್ಪಿ, ತೋಳವಾಗುವ ಮನುಷ್ಯನ ‘ವೆರ್‌ವುಲ್ಫ್’ನಂಥ ಪದಗಳಲ್ಲಿ ಉಳಿಯಿತು. ‘ಮ್ಯಾನ್’ ಎರಡೂ ಅರ್ಥಗಳನ್ನು ಹೊತ್ತುಕೊಂಡಿತು. ಮುಂದಿನ ಗೊಂದಲದ ಬೀಜ ಇಲ್ಲಿದೆ.

1828ರಿಂದ 1842ರವರೆಗೆ ರಗ್ಬಿ ಶಾಲೆಯ ಮುಖ್ಯಸ್ಥನಾಗಿದ್ದ ಥಾಮಸ್ ಆರ್ನಾಲ್ಡ್‌ಗೆ ಮ್ಯಾನ್ಲಿನೆಸ್ ಎಂದರೆ ನೈತಿಕ ಪ್ರೌಢತೆ. ಸುಳ್ಳು, ಸೋಮಾರಿತನ, ಹೊಣೆಗೇಡಿತನ ಬಿಟ್ಟು ಹುಡುಗ ಬೆಳೆಯಬೇಕು ಎಂಬುದು ಅವನ ಆಸೆ. ಅದರಲ್ಲಿ ತೋಳ್ಬಲಕ್ಕೆ ದೊಡ್ಡ ಸ್ಥಾನವಿರಲಿಲ್ಲ.

ಅವನದೇ ಶಿಷ್ಯ ಥಾಮಸ್ ಹ್ಯೂಸ್ 1857ರಲ್ಲಿ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ಬರೆದ. ಅಲ್ಲಿ ಆಟದ ಮೈದಾನ, ಮುಷ್ಟಿಯುದ್ಧ ಮುಂದೆ ಬಂದವು. ‘ಮಸ್ಕ್ಯುಲರ್ ಕ್ರಿಶ್ಚಿಯಾನಿಟಿ’ ಎಂಬ ಮಾತು ಚಲಾವಣೆಗೆ ಬಂದದ್ದೂ ಅದೇ ವರ್ಷ. ಮೈಕಟ್ಟನ್ನೇ ಗುಣವೆಂದು ಜನ ತಿಳಿಯುವುದು ಸರಿಯಲ್ಲವೆಂದು 1879ರಲ್ಲಿ ಹ್ಯೂಸ್ ‘ದಿ ಮ್ಯಾನ್ಲಿನೆಸ್ ಆಫ್ ಕ್ರೈಸ್ಟ್’ನಲ್ಲಿ ವಾದಿಸಿದ. ಆ ಹೊತ್ತಿಗೆ ಪದ ಅವನ ಕೈಮೀರಿತ್ತು.

ಇದು ನಿಘಂಟಿನ ಒಳಜಗಳವಾಗಿಯೇ ಉಳಿಯಲಿಲ್ಲ. 1841ರಲ್ಲಿ ವಾರನ್ ಹೇಸ್ಟಿಂಗ್ಸ್ ಕುರಿತ ಪ್ರಬಂಧದಲ್ಲಿ ಮೆಕಾಲೆ ಬಂಗಾಳಿಗಳನ್ನು ಹೆಣ್ಣಿಗರೆಂಬಂತೆ ಚಿತ್ರಿಸಿದ. 1883ರ ಇಲ್ಬರ್ಟ್ ಮಸೂದೆ ಭಾರತೀಯ ನ್ಯಾಯಾಧೀಶರು ಜಿಲ್ಲೆಗಳಲ್ಲಿ ಯುರೋಪಿಯನ್ನರನ್ನೂ ವಿಚಾರಿಸಬಹುದು ಎಂದಾಗ ವಿರೋಧಿಗಳು ಅದೇ ಚಿತ್ರವನ್ನು ಹೊರತೆಗೆದರು: ಗಂಡಸುತನವಿಲ್ಲದವನು ನಮಗೆ ನ್ಯಾಯ ಹೇಳುವುದೇ? ಮರುವರ್ಷ ಬಂದ ಕಾಯಿದೆ ರಾಜಿಯದು. ಯುರೋಪಿಯನ್ ಆರೋಪಿ ಅರ್ಧದಷ್ಟಾದರೂ ಬಿಳಿಯರಿರುವ ಜ್ಯೂರಿಯನ್ನು ಕೇಳಬಹುದಾಯಿತು. ಓದು, ಪರೀಕ್ಷೆ, ಪದವಿ ಎಲ್ಲ ಇದ್ದವನನ್ನೂ ಒಂದು ವಿಶೇಷಣ ನ್ಯಾಯಪೀಠದಿಂದ ಕೆಳಗಿಳಿಸಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಆ ವಿಶೇಷಣ ಬೈಗುಳವಾಗಬೇಕಾದರೆ ಹೆಣ್ಣು ಕೀಳೆಂಬುದನ್ನು ಮೊದಲೇ ಒಪ್ಪಿರಬೇಕು. ಒಂದೇ ಪದದಿಂದ ಎರಡು ಅವಮಾನ.

ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ (1899–1902) ಸೈನ್ಯ ಸೇರಲು ಬಂದ ಅನೇಕ ಇಂಗ್ಲಿಷ್ ಕಾರ್ಮಿಕರು ದೇಹಪರೀಕ್ಷೆಯಲ್ಲಿ ತಿರಸ್ಕೃತರಾದರು. ಕಾರಣ ಬಡತನ, ಅಪೌಷ್ಟಿಕತೆ. ಪತ್ರಿಕೆಗಳು ಮಾತ್ರ ಜನಾಂಗವೇ ಕುಂದುತ್ತಿದೆ ಎಂದು ಗಾಬರಿಪಟ್ಟವು. ಹೊಟ್ಟೆಯ ಪ್ರಶ್ನೆ ಗಂಡಸುತನದ ಪ್ರಶ್ನೆಯಾಯಿತು.

ಇದನ್ನು ಕನ್ನಡಕ್ಕೆ ತರುವಾಗ ನಾವು ‘ಪೌರುಷ’ ಎನ್ನುತ್ತೇವೆ. ಈ ಪದದಲ್ಲೂ ಎರಡು ಪದರಗಳಿವೆ. ವೇದವನ್ನು ‘ಅಪೌರುಷೇಯ’ ಎನ್ನುವಾಗ ಗಂಡಸು ರಚಿಸದ್ದು ಎಂದಲ್ಲ, ಮನುಷ್ಯರು ರಚಿಸದ್ದು ಎಂದರ್ಥ. ‘ದೈವವೋ ಪೌರುಷವೋ’ ಎಂಬ ಹಳೆಯ ಚರ್ಚೆಯಲ್ಲಿ ಪೌರುಷದ ಎದುರಿಗಿರುವುದು ಹೆಣ್ಣಲ್ಲ, ಹಣೆಬರಹ. ‘ಪೌರುಷ ತೋರಿಸು’ ಎಂದು ಯಾರಾದರೂ ಕೆಣಕಿದಾಗ ಈ ಅರ್ಥವನ್ನು ನೆನೆಯಬಹುದು.