ಹಬ್ಶಿ, ಸಿದ್ದಿ, ಕಾಫ್ರಿ: ಹಿಂದೂ ಮಹಾಸಾಗರದ ತೀರಗಳಲ್ಲಿ ಆಫ್ರಿಕನ್ನರ ಹೆಸರುಗಳು

ಆಫ್ರಿಕದಿಂದ ಅರೇಬಿಯ, ಇರಾನ್, ಭಾರತ ಮತ್ತು ಶ್ರೀಲಂಕೆಗೆ ಬಂದ ಜನರನ್ನೂ ಅವರ ವಂಶಜರನ್ನೂ ಗುರುತಿಸಲು ಆಯಾ ತೀರದವರು ಬಳಸಿದ ಹೆಸರುಗಳು. ಜಂಜ್, ಹಬ್ಶಿ, ಸಿದ್ದಿ (ಸಿದಿ, ಶೀದಿ) ಮತ್ತು ಕಾಫ್ರಿ (ಕಾಪಿರಿ, ಖಾಪ್ರಿ) ಇವುಗಳಲ್ಲಿ ಮುಖ್ಯವಾದವು. ಇವುಗಳಲ್ಲಿ ಹೆಚ್ಚಿನವು ಹುಟ್ಟಿನಿಂದ ಮೈಬಣ್ಣದ ಹೆಸರುಗಳಲ್ಲ. ಬಂದ ಸೀಮೆ, ಹಿಡಿದ ಉದ್ಯೋಗ, ನಂಬುವ ಅಥವಾ ನಂಬದ ಧರ್ಮ, ಒಡೆಯನೊಡನೆ ಇದ್ದ ನಂಟು, ಇವನ್ನು ಸೂಚಿಸುವಂಥವು. ಅಮೆರಿಕದ ‘ನೀಗ್ರೋ’, ‘ಬ್ಲ್ಯಾಕ್’ ಪದಗಳ ಚರಿತ್ರೆಯನ್ನು ಇಲ್ಲಿಗೂ ಹಾಗೆಯೇ ಅನ್ವಯಿಸುವ ರೂಢಿ ಇತ್ತೀಚಿನ ಬರಹಗಳಲ್ಲಿದೆ. ಅದು ದಾರಿ ತಪ್ಪಿಸುತ್ತದೆ. ಹಾಗೆಂದು ಈ ತೀರಗಳಲ್ಲಿ ಬಣ್ಣದ ನಿಂದೆ ಇರಲಿಲ್ಲ ಎಂದಲ್ಲ. ನಿಂದೆಯೂ ಹೆಸರೂ ಬಹುಕಾಲ ಬೇರೆ ಬೇರೆಯಾಗಿಯೇ ಸಾಗಿದವು ಎಂಬಷ್ಟೇ ಇಲ್ಲಿನ ಮಾತು.

ಅರಬ್ಬಿ ವಿಂಗಡಣೆ

ಮಧ್ಯಯುಗದ ಅರಬ್ಬಿ ಭೂಗೋಳಕಾರರು ಆಫ್ರಿಕದ ಪೂರ್ವ ಭಾಗದ ಜನರನ್ನು ಒಂದೇ ಹೆಸರಿನಿಂದ ಕರೆಯಲಿಲ್ಲ. ಇಥಿಯೋಪಿಯದ ಎತ್ತರದ ಸೀಮೆಯವರು ಹಬಶ್. ಸೊಮಾಲಿ ತೀರದವರು ಬರ್ಬರ್. ಅದಕ್ಕೂ ದಕ್ಷಿಣದ ಕಡಲತೀರದವರು ಜಂಜ್. ಜಾಂಜಿಬಾರ್ ದ್ವೀಪದ ಹೆಸರಿನಲ್ಲಿ ಉಳಿದಿರುವುದು ಈ ಜಂಜ್ ಪದವೇ. ಇವೆಲ್ಲದರ ಮೇಲೆ ‘ಸೂದಾನ್’, ಅಂದರೆ ಕಪ್ಪುಜನ, ಎಂಬ ಸಾಮೂಹಿಕ ಪದವೂ ಇತ್ತು. 869ರಿಂದ 883ರವರೆಗೆ ಬಸ್ರಾದ ಸುತ್ತಲಿನ ಚೌಳು ನೆಲದಲ್ಲಿ ನಡೆದ ದೊಡ್ಡ ಗುಲಾಮರ ದಂಗೆ ಇತಿಹಾಸದಲ್ಲಿ ಜಂಜ್ ದಂಗೆ ಎಂದೇ ಹೆಸರಾಗಿದೆ. ಆ ದಂಗೆಗೆ ಕೆಲವೇ ಕಾಲ ಮೊದಲು ಅದೇ ಬಸ್ರಾದ ಲೇಖಕ ಅಲ್-ಜಾಹಿಜ್, ಕಪ್ಪುಜನರು ಬಿಳಿಯರಿಗಿಂತ ಯಾವುದರಲ್ಲಿ ಮೇಲು ಎಂದು ವಾದಿಸುವ ಒಂದು ಪ್ರಬಂಧ ಬರೆದ. ಅದರಲ್ಲಿ ವಿನೋದ ಎಷ್ಟು, ನಿಜವಾದ ವಾದ ಎಷ್ಟು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅಂಥ ವಾದವನ್ನು ಹೂಡಬೇಕೆನಿಸಿತು ಎಂಬುದೇ ಆ ಊರಿನಲ್ಲಿ ಎದುರುವಾದ ಬಲವಾಗಿತ್ತೆನ್ನುವುದಕ್ಕೆ ಸಾಕ್ಷಿ.

ಬೇರೆಯವರು ಬಣ್ಣ ನೋಡಿ ಇಟ್ಟ ಹೆಸರನ್ನು ಮುಂದೆ ದೇಶಗಳೇ ತಮ್ಮದಾಗಿಸಿಕೊಂಡದ್ದೂ ಉಂಟು. ಸುಡಾನ್ ಅರಬ್ಬಿಯ ಕೊಡುಗೆ. ಇಥಿಯೋಪಿಯ ಗ್ರೀಕರದು; ಅವರ ‘ಐಥಿಯೋಪ್ಸ್’ ಎಂದರೆ ಸುಟ್ಟ ಮುಖದವನು ಎಂದು ಸಾಮಾನ್ಯವಾಗಿ ಅರ್ಥೈಸುತ್ತಾರೆ.

ದಖನ್ನಿನ ಹಬ್ಶಿಗಳು

ಭಾರತದಲ್ಲಿ ಹಬ್ಶಿ ಎಂಬ ಗುರುತು ದೆಹಲಿ ಸುಲ್ತಾನರ ಕಾಲದಿಂದ ಕಾಣುತ್ತದೆ. ರಜಿಯಾ (ಆಳ್ವಿಕೆ 1236–1240) ಅಶ್ವಶಾಲೆಯ ಅಧಿಕಾರಿಯಾಗಿ ನೇಮಿಸಿದ ಜಮಾಲುದ್ದೀನ್ ಯಾಕೂತ್ ಹಬ್ಶಿಯಾಗಿದ್ದ. ತುರ್ಕಿ ಅಮೀರರು ಅವಳ ಮೇಲೆ ತಿರುಗಿಬೀಳಲು ಅವನ ಏಳಿಗೆಯೂ ಒಂದು ನೆಪವಾಯಿತು. 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತಾ ಕಡಲ್ಗಳ್ಳರಿಂದ ಹಡಗನ್ನು ಕಾಯುವ ಹಬ್ಶಿಗಳನ್ನು ಮೆಚ್ಚಿ ಬರೆದಿದ್ದಾನೆ. ಬಂಗಾಳದಲ್ಲಿ 1487ರಿಂದ ಕೆಲವು ವರ್ಷ ಹಬ್ಶಿಗಳೇ ಸಿಂಹಾಸನವೇರಿದ್ದರು.

ಆದರೆ ಈ ಪದ ಪೂರ್ಣ ಅರ್ಥದಲ್ಲಿ ರಾಜಕೀಯ ಪದವಾದದ್ದು ದಖನ್ನಿನಲ್ಲಿ. ಬಹಮನಿಗಳ ಆಸ್ಥಾನ ಎರಡು ಬಣಗಳಾಗಿ ಒಡೆದಿತ್ತು: ಇರಾನ್, ಇರಾಕ್, ಮಧ್ಯ ಏಷ್ಯಗಳಿಂದ ಹೊಸದಾಗಿ ಬಂದ ಆಫಾಕಿಗಳು ಒಂದು ಕಡೆ, ನೆಲೆನಿಂತ ದಖನಿಗಳು ಇನ್ನೊಂದು ಕಡೆ. ಹಬ್ಶಿಗಳೂ ಕಡಲು ದಾಟಿಯೇ ಬಂದವರು. ಆದರೂ ಅವರು ನಿಂತದ್ದು ಸಾಮಾನ್ಯವಾಗಿ ದಖನಿಗಳ ಜೊತೆ. ಆಫಾಕಿಗಳಿಗೆ ಹಿಂದಿರುಗಲು ಊರು, ಬಂಧುಬಳಗ, ಪಾರಸಿಯ ಹೆಮ್ಮೆ ಇತ್ತು. ಹಬ್ಶಿಯ ಮನೆತನದ ನಂಟು ಮಾರಾಟವಾದ ದಿನವೇ ಕಡಿದಿತ್ತು. ಅವನು ದಖನಿ ನುಡಿ ಕಲಿತು, ಇಲ್ಲಿಯೇ ಮದುವೆಯಾಗಿ, ಇಲ್ಲಿಯವನೇ ಆಗಬೇಕಿತ್ತು. ಹೀಗಾಗಿ ದಖನ್ನಿನ ಆಸ್ಥಾನಗಳಲ್ಲಿ ಪರದೇಶಿ ಎಂಬ ಆಕ್ಷೇಪ ಪಾರಸಿಯವನ ಮೇಲೆ ಬಂತೇ ಹೊರತು ಹಬ್ಶಿಯ ಮೇಲೆ ಅಷ್ಟಾಗಿ ಬರಲಿಲ್ಲ. ಈ ಬಣಗಳ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಬಿಜಾಪುರದಲ್ಲಿ 1580ರ ದಶಕದಲ್ಲಿ, ಎರಡನೆಯ ಇಬ್ರಾಹಿಂ ಆದಿಲ್ ಶಾಹ ಇನ್ನೂ ಬಾಲಕನಾಗಿದ್ದಾಗ, ಅಧಿಕಾರ ನಡೆಸಿದ ದಿಲಾವರ್ ಖಾನ್ ಹಬ್ಶಿ. ಮುಂದಿನ ಶತಮಾನದಲ್ಲಿ ಮುಹಮ್ಮದ್ ಆದಿಲ್ ಶಾಹನ ಆಸ್ಥಾನದ ಪ್ರಬಲನಾದ ಇಖ್ಲಾಸ್ ಖಾನ್ ಸಹ ಹಬ್ಶಿ. ಸುಲ್ತಾನನೊಡನೆ ಅವನಿರುವ ಚಿತ್ರಗಳು ಬಿಜಾಪುರ ಶೈಲಿಯ ಉತ್ತಮ ಮಾದರಿಗಳಲ್ಲಿ ಸೇರುತ್ತವೆ. 1660ರಲ್ಲಿ ಪನ್ಹಾಳದಲ್ಲಿ ಶಿವಾಜಿಯನ್ನು ಮುತ್ತಿದ ಸಿದ್ದಿ ಜೌಹರ್, ಆದಿಲ್‌ಶಾಹಿಯ ಕೊನೆಗಾಲದಲ್ಲಿ ಆಡಳಿತ ಹಿಡಿದ ಆದವಾನಿಯ ಸಿದ್ದಿ ಮಸೂದ್ ಇದೇ ಸಾಲಿನವರು.

ಒಬ್ಬನೇ ಮನುಷ್ಯನಿಗೆ ಎಷ್ಟು ಹೆಸರು ಬೀಳಬಹುದು ಎಂಬುದಕ್ಕೆ ಅಹಮದ್‌ನಗರದ ಮಲಿಕ್ ಅಂಬರ್ (ಸು. 1548–1626) ಒಳ್ಳೆಯ ಉದಾಹರಣೆ. ಇಥಿಯೋಪಿಯದಲ್ಲಿ ಹುಟ್ಟಿದಾಗ ಅವನ ಹೆಸರು ಚಾಪು. ಅಂಬರ್ ಎಂಬ ಹೆಸರು ಬಂದದ್ದು ಬಾಗ್ದಾದಿನ ಒಡೆಯನಿಂದ ಎನ್ನುತ್ತಾರೆ. ದಖನ್ನಿನಲ್ಲಿ ಅವನನ್ನು ಕೊಂಡ ಚಂಗೀಜ್ ಖಾನನೂ ಹಬ್ಶಿಯೇ, ಮೊದಲು ಗುಲಾಮನೇ. ಆಗ ಅಹಮದ್‌ನಗರದ ನಿಜಾಮ್‌ಶಾಹಿಯ ಪೇಶ್ವೆ. ಮುಂದೆ ಅಂಬರ್ ತಾನೂ ಪೇಶ್ವೆಯಾಗಿ ಮುಘಲರನ್ನು ತಡೆದು ನಿಲ್ಲಿಸಿದ, 1610ರಲ್ಲಿ ಖಡಕಿ (ಮುಂದೆ ಔರಂಗಾಬಾದ್ ಎನಿಸಿದ) ನಗರ ಕಟ್ಟಿಸಿದ. ಪಾರಸಿ ಬಖೈರುಗಳಿಗೆ ಅವನು ಅಂಬರ್ ಹಬ್ಶಿ. 1617ರಲ್ಲಿ ಅವನನ್ನು ಕಂಡ ಡಚ್ ವರ್ತಕ ಪೀಟರ್ ವಾನ್ ಡೆನ್ ಬ್ರೂಕ್ ಅಬಿಸೀನಿಯದ (ಇಥಿಯೋಪಿಯದ) ಕಾಫ್ರಿ ಎಂದು ಬರೆದುಕೊಂಡ. ಜಹಾಂಗೀರನ ಆತ್ಮಕಥನದಲ್ಲಿ ಮಾತ್ರ ಅವನು ಕಪ್ಪುಮುಖದವನು, ನತದೃಷ್ಟ. ಯುದ್ಧದಲ್ಲಿ ಕೈಗೆ ಸಿಗದವನ ತಲೆಗೆ ಬಾದಶಹ ಬಾಣ ಬಿಡುವಂತೆ ಅಬುಲ್ ಹಸನ್ ಬರೆದ ಚಿತ್ರವೂ ಆ ಕಾಲದ್ದೇ. ಆಗ ಅಂಬರ್ ಬದುಕಿದ್ದ. ಪಾರಸಿಯಲ್ಲಿ ಮುಖ ಕಪ್ಪಾಗುವುದೆಂದರೆ ಮಾನಗೇಡೂ ಹೌದು. ಜಹಾಂಗೀರ್ ಎರಡನ್ನೂ ಒಂದೇ ಏಟಿಗೆ ಹೇಳಿದ.

ಕಂಪು ಮತ್ತು ರತ್ನಗಳು: ಗುಲಾಮರ ಅಂಕಿತನಾಮಗಳು

ಜನಾಂಗದ ಹೆಸರಿಗಿಂತ ಹೆಚ್ಚು ಮಾಹಿತಿ ಅಡಗಿರುವುದು ವ್ಯಕ್ತಿಗಳ ಹೆಸರಿನಲ್ಲಿ. ಗುಲಾಮನಿಗೆ ತಂದೆಯ ಹೆಸರಿನ ಹಿಂಬಾಲ ಇರುವುದಿಲ್ಲ. ಒಡೆಯ ಕೊಟ್ಟದ್ದೇ ಹೆಸರು. ಆ ಹೆಸರುಗಳನ್ನು ಆಯ್ದದ್ದು ಬೆಲೆಬಾಳುವ ಸರಕುಗಳಿಂದ. ಯಾಕೂತ್ ಎಂದರೆ ಕೆಂಪುಹರಳು, ಜೌಹರ್ ರತ್ನ, ಅಂಬರ್ ಕಡಲಲ್ಲಿ ಸಿಗುವ ಸುಗಂಧವಸ್ತು, ಸಂದಲ್ ಶ್ರೀಗಂಧ, ರೈಹಾನ್ ಕಾಮಕಸ್ತೂರಿಯ ಜಾತಿಯ ಪರಿಮಳದ ಗಿಡ, ಕಾಫೂರ್ ಕರ್ಪೂರ. ಕೊಳ್ಳುವವನ ಮನೆಯಲ್ಲಿ ಗುಲಾಮನೂ ಒಂದು ಅಮೂಲ್ಯ ವಸ್ತು ಎಂಬ ಭಾವ ಇದರಲ್ಲಿದೆ. ಕೆಲವೊಮ್ಮೆ ಕುಚೋದ್ಯವೂ ಇದೆ. 10ನೆಯ ಶತಮಾನದಲ್ಲಿ ಈಜಿಪ್ಟನ್ನು ಆಳಿದ ಕಪ್ಪು ಗುಲಾಮನ ಹೆಸರು ಬಿಳಿಯ ಕರ್ಪೂರ, ಕಾಫೂರ್. ಅವನ ಬಿರುದಿನ ಹೆಸರಿನಲ್ಲಿ ಕಸ್ತೂರಿ.

ಆದರೆ ಹೆಸರೊಂದನ್ನೇ ಹಿಡಿದು ಮೂಲವನ್ನು ನಿರ್ಧರಿಸಬಾರದು. 1311ರಲ್ಲಿ ದ್ವಾರಸಮುದ್ರದ ಮೇಲೆ ದಂಡೆತ್ತಿ ಬಂದ ಮಲಿಕ್ ಕಾಫೂರ್ ಆಫ್ರಿಕದವನಲ್ಲ. ಗುಜರಾತಿನ ಖಂಭಾತದಲ್ಲಿ ಸೆರೆಸಿಕ್ಕವನು. ಬಿಜಾಪುರದ ಇಬ್ರಾಹಿಂ ರೋಜಾದ ನಿರ್ಮಾಣದೊಡನೆ ಹೆಸರು ಸೇರಿರುವ ಮಲಿಕ್ ಸಂದಲನನ್ನು ಹಬ್ಶಿಯೆಂದು ಸಾಮಾನ್ಯವಾಗಿ ಹೇಳುತ್ತಾರೆ, ಒಪ್ಪಬಹುದು. ಬಿಜಾಪುರದ ಪರವಾಗಿ ಸಿರಾ ಸೀಮೆಯನ್ನು ಆಳಿ, 17ನೆಯ ಶತಮಾನದ ನಡುಭಾಗದಲ್ಲಿ ಅಲ್ಲಿಯೇ ಸಮಾಧಿಯಾದ ಮಲಿಕ್ ರೈಹಾನನ ವಿಷಯದಲ್ಲಿ ಎಚ್ಚರ ಬೇಕು. ಹೆಸರೇನೋ ಹಬ್ಶಿ ಗುಲಾಮರ ಮಾದರಿಯದು. ಅದು ಸಂಭವವನ್ನು ಸೂಚಿಸುತ್ತದೆ, ಪ್ರಮಾಣವಾಗುವುದಿಲ್ಲ. ಮೇಲೆ ಹೇಳಿದ ಇಖ್ಲಾಸ್ ಖಾನನ ಮೊದಲ ಹೆಸರೂ ಮಲಿಕ್ ರೈಹಾನ್ ಆಗಿದ್ದು ಗೊಂದಲವನ್ನು ಹೆಚ್ಚಿಸಿದೆ. ‘ಇಖ್ಲಾಸ್ ಖಾನ್’ ಒಂದು ಬಿರುದು. ಅದನ್ನು ಧರಿಸಿದ ಹಬ್ಶಿ ಸರದಾರ ಆದಿಲ್‌ಶಾಹಿಯಲ್ಲಿ ಒಬ್ಬನೇ ಅಲ್ಲ.

ಇಂದು ಹೈದರಾಬಾದಿನ ಹಬ್ಶಿಗೂಡ ಬಡಾವಣೆಯಲ್ಲಿ, ಬಣ್ಣದಿಂದಾಗಿ ಹೆಸರು ಪಡೆದ ಹಬ್ಶಿ ಹಲ್ವಾದಲ್ಲಿ ಈ ಪದ ಉಳಿದಿದೆ. ಹಿಂದಿ, ಉರ್ದು ಆಡುಮಾತಿನಲ್ಲಿ ಅದು ಈಗ ಬೈಗುಳ.

ಸಿದ್ದಿ

‘ನನ್ನ ಒಡೆಯ’ ಎಂಬರ್ಥದ ಅರಬ್ಬಿಯ ‘ಸಯ್ಯಿದೀ’ ಪದದಿಂದ ಇದು ಬಂತೆಂಬುದು ಹೆಚ್ಚು ಒಪ್ಪಿತವಾದ ಅಭಿಪ್ರಾಯ. 17ನೆಯ ಶತಮಾನದ ಮರಾಠಿ ಪತ್ರಗಳಲ್ಲೂ ಇಂಗ್ಲಿಷ್ ಕಂಪನಿಯ ದಾಖಲೆಗಳಲ್ಲೂ ‘ಸಿದ್ದಿ’ ಎಂದರೆ ಜಂಜೀರಾದ ಜಲದುರ್ಗದ ಒಡೆಯ. ಮುಘಲರಿಂದ ಯಾಕೂತ್ ಖಾನ್ ಎಂಬ ಬಿರುದು ಪಡೆದ ಸಿದ್ದಿ ಕಾಸಿಂ 1689ರಲ್ಲಿ ಮುಂಬಯಿಯ ಇಂಗ್ಲಿಷರನ್ನು ಮುತ್ತಿ ಕೋಟೆಯೊಳಗೆ ಕೂಡಿಹಾಕಿದ. ಜಂಜೀರಾದ ಸಿದ್ದಿಗಳ ಸಂಸ್ಥಾನಕ್ಕೆ ಹಬ್ಸಾನ್ ಎಂಬ ಹೆಸರೂ ಇತ್ತು. 1948ರವರೆಗೆ ಅದು ಬಾಳಿತು. ಅಹಮದಾಬಾದಿನ ಕಲ್ಲುಜಾಲರಿಯ ಸಿದಿ ಸಯ್ಯದ್ ಮಸೀದಿ (1572–73) ಅದಕ್ಕೂ ಹಿಂದಿನದು.

19ನೆಯ ಶತಮಾನದ ಬ್ರಿಟಿಷ್ ನೌಕೆಗಳಿಗೆ ಬಂದಾಗ ಇದೇ ಪದದ ಅರ್ಥ ಬದಲಾಗಿದೆ: ‘ಸೀಡಿ’ ಎಂದರೆ ಉಗಿಹಡಗಿನ ಕುಲುಮೆಗೆ ಕಲ್ಲಿದ್ದಲು ಹಾಕುವ ಪೂರ್ವ ಆಫ್ರಿಕದ ಕೂಲಿಯಾಳು. ನೌಕಾಪತಿಯ ಹೆಸರು ಕುಲುಮೆಯವನಿಗೆ ಇಳಿಯಲು ಎರಡು ಶತಮಾನ ಸಾಕಾಯಿತು. ಅನ್ವೇಷಕರಾದ ಬರ್ಟನ್, ಸ್ಪೀಕ್, ಸ್ಟ್ಯಾನ್ಲಿಯರಿಗೆ ಆಫ್ರಿಕದ ಒಳನಾಡಿನಲ್ಲಿ ದಾರಿ ತೋರಿದ ಯಾವೊ ಜನಾಂಗದ ಸಿದಿ ಮುಬಾರಕ್ ಬಾಂಬೆ (ಮರಣ 1885) ಹುಡುಗನಾಗಿದ್ದಾಗ ಮಾರಾಟವಾಗಿ ಭಾರತಕ್ಕೆ ಬಂದು, ಬಿಡುಗಡೆಯಾಗಿ ಹಿಂದಿರುಗಿದವನು. ನಾಸಿಕದ ಮಿಷನ್ನಿನಲ್ಲಿ ಓದಿ ಮೊಂಬಾಸಾದ ಬಳಿ ನೆಲೆಸಿದ ವಿಮೋಚಿತರನ್ನೂ ಅಲ್ಲಿನವರು ‘ಬಾಂಬೆ ಆಫ್ರಿಕನ್ನರು’ ಎಂದರು. ಭಾರತದಲ್ಲಿ ಆಫ್ರಿಕದವರಾಗಿದ್ದವರು ಆಫ್ರಿಕದಲ್ಲಿ ಮುಂಬಯಿಯವರಾದರು.

ಸಿಂಧ್ ಪ್ರಾಂತದಲ್ಲಿ ಈ ಪದದ ರೂಪ ಶೀದಿ. 1843ರಲ್ಲಿ ಬ್ರಿಟಿಷರೊಡನೆ ಕಾದಾಡಿ ಸತ್ತ ಹೋಶ್ ಮುಹಮ್ಮದ್ ಶೀದಿಯನ್ನು ಸಿಂಧಿಗಳೆಲ್ಲರೂ ವೀರನೆಂದು ನೆನೆಯುತ್ತಾರೆ. ಅಲ್ಲಿ ಹಲವರು ಅಲಿಯ ಸೇವಕ ಕಂಬರನಿಂದ ಬಂದ ಕಂಬ್ರಾಣಿ ಎಂಬ ಹೆಸರನ್ನು ಇಟ್ಟುಕೊಳ್ಳುತ್ತಾರೆ.

ಕಾಫ್ರಿ

ಅರಬ್ಬಿಯ ‘ಕಾಫಿರ್’, ಅಂದರೆ ಇಸ್ಲಾಮನ್ನು ಒಪ್ಪದವನು, ಪೋರ್ಚುಗೀಸರ ಬಾಯಲ್ಲಿ ‘ಕಾಫ್ರೆ’ ಆಗಿ, ಮೊಜಾಂಬಿಕ್ ಕಡೆಯ ಜನರ ಹೆಸರಾಯಿತು. 1580ರ ದಶಕದಲ್ಲಿ ಗೋವೆಯಲ್ಲಿದ್ದ ಡಚ್ಚ ಲಿನ್‌ಸ್ಕೋಟನ್ ಅಬಿಸೀನಿಯದವರನ್ನೂ ಕಾಫ್ರಿಗಳನ್ನೂ ಬೇರೆ ಬೇರೆಯಾಗಿಯೇ ವರ್ಣಿಸಿದ್ದಾನೆ. ಕೊಂಕಣಿಯ ಖಾಪ್ರಿ, ಸಿಂಹಳದ ಕಾಪಿರಿ ಇದರಿಂದ ಬಂದವು. ಶ್ರೀಲಂಕೆಯ ಪುತ್ತಳಂ ಬಳಿಯ ಸಿರಂಬಿಯಡಿಯದ ಚಿಕ್ಕ ಸಮುದಾಯ ಇಂದಿಗೂ ತನ್ನನ್ನು ಕಾಫಿರ್ ಎಂದೇ ಕರೆದುಕೊಳ್ಳುತ್ತದೆ. ಅವರ ಹಾಡುಗಳಲ್ಲಿ ಪೋರ್ಚುಗೀಸ್ ಮಿಶ್ರನುಡಿ ಉಳಿದಿದೆ. ದಕ್ಷಿಣ ಆಫ್ರಿಕದಲ್ಲಿ ಅದೇ ಪದ ವರ್ಣಭೇದ ಆಡಳಿತದ ಅತಿ ಕ್ರೂರ ನಿಂದೆಯಾಯಿತು. 2018ರಲ್ಲಿ ಅದನ್ನು ಪೊಲೀಸರ ಮೇಲೆ ಪದೇಪದೇ ಪ್ರಯೋಗಿಸಿದವರೊಬ್ಬರಿಗೆ ಅಲ್ಲಿನ ನ್ಯಾಯಾಲಯ ಸೆರೆವಾಸ ವಿಧಿಸಿತು.

ಅಟ್ಲಾಂಟಿಕ್ ಬಳಕೆಗಳು

ಆರಂಭದಲ್ಲಿ ಹೇಳಿದ ಅಮೆರಿಕದ ಪದಗಳ ದಾರಿ ಬೇರೆ. ಸ್ಪ್ಯಾನಿಷ್ ಮತ್ತು ಪೋರ್ಚುಗೀಸಿನ ‘ನೆಗ್ರೊ’ದಿಂದ ಬಂದ ಇಂಗ್ಲಿಷಿನ ‘ನೀಗ್ರೋ’ ಒಂದು ಕಾಲಕ್ಕೆ ಗೌರವದ ಪದವಾಗಿತ್ತು. ಅದನ್ನು ದೊಡ್ಡಕ್ಷರದಿಂದ ಅಚ್ಚಿಸಬೇಕೆಂದು ಅಮೆರಿಕದ ಕಪ್ಪು ಚಿಂತಕ ಡು ಬೋಯಿಸ್ ಮೊದಲಾದವರು ಹೋರಾಡಿದರು. ನ್ಯೂಯಾರ್ಕ್ ಟೈಮ್ಸ್ ಒಪ್ಪಿದ್ದು 1930ರಲ್ಲಿ. 1960ರ ದಶಕದ ಕೊನೆಗೆ ‘ಬ್ಲ್ಯಾಕ್’ ಅದನ್ನು ಹಿಂದಿಕ್ಕಿತು. 1988ರಲ್ಲಿ ಜೆಸ್ಸಿ ಜಾಕ್ಸನ್ ‘ಆಫ್ರಿಕನ್ ಅಮೆರಿಕನ್’ ಎಂಬುದಕ್ಕೆ ಕರೆ ಕೊಟ್ಟರು. ಹೈಟಿಯ 1805ರ ಸಂವಿಧಾನ ಎಲ್ಲ ಪ್ರಜೆಗಳನ್ನೂ ಮೈಬಣ್ಣ ಏನೇ ಇರಲಿ ಕಪ್ಪುಜನ ಎಂದೇ ಕರೆಯಬೇಕೆಂದಿತು. ಅಲ್ಲಿನ ಕ್ರಿಯೋಲಿನಲ್ಲಿ ಇಂದಿಗೂ ‘ನೆಗ್’ ಎಂದರೆ ಮನುಷ್ಯ. ‘ಬ್ಲಾಂ’, ಮೂಲದಲ್ಲಿ ಬಿಳಿಯ, ಎಂದರೆ ಪರದೇಶದವನು.

ಕರ್ನಾಟಕದಲ್ಲಿ

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ, ಅಂಕೋಲೆಗಳಲ್ಲೂ ಧಾರವಾಡ, ಬೆಳಗಾವಿ ಜಿಲ್ಲೆಗಳ ಕಾಡಂಚಿನ ಊರುಗಳಲ್ಲೂ ನೆಲೆಸಿರುವ ಸಿದ್ದಿಗಳಲ್ಲಿ ಹೆಚ್ಚಿನವರ ಪೂರ್ವಿಕರು ಪೋರ್ಚುಗೀಸ್ ಗೋವೆಯಿಂದ ಘಟ್ಟ ಹತ್ತಿದವರೆಂದು ಭಾವಿಸಲಾಗಿದೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಮೂವರೂ ತಮ್ಮ ಹೆಸರಿನ ಕೊನೆಗೆ ‘ಸಿದ್ದಿ’ ಎಂದು ಬರೆದುಕೊಳ್ಳುವುದುಂಟು. 2011ರಲ್ಲಿ ಪ್ರಕಟವಾದ ತಳಿಶಾಸ್ತ್ರದ ಅಧ್ಯಯನ ಭಾರತದ ಸಿದ್ದಿಗಳ ಆಫ್ರಿಕನ್ ಪಾಲನ್ನು ಬಂಟು ಭಾಷಿಕ ಜನರಿಗೆ ಹತ್ತಿರವೆಂದು ಕಂಡಿತು. ಆದ್ದರಿಂದ ಅವರನ್ನು ಹಬ್ಶಿಗಳ ಸಂತತಿ, ಅಬಿಸೀನಿಯದವರು ಎಂದು ವಿವರಿಸುವ ಹಳೆಯ ಬರಹಗಳನ್ನು ಎಚ್ಚರದಿಂದ ಓದಬೇಕು. ಟಿ. ಸಿ. ಪಾಲಾಕ್ಷಪ್ಪನವರ 1976ರ ಇಂಗ್ಲಿಷ್ ಗ್ರಂಥದ ಹೆಸರಿನಲ್ಲಿ ಮಹಾಪ್ರಾಣದ ‘ಸಿದ್ಧಿ’ ರೂಪವಿದೆ. ಸಂಸ್ಕೃತದ ಸಿದ್ಧಿಗೂ ಸಮುದಾಯದ ಹೆಸರಿಗೂ ನಂಟಿಲ್ಲವಾದ್ದರಿಂದ ‘ಸಿದ್ದಿ’ ಎಂಬುದೇ ಸರಿಯಾದ ಬರವಣಿಗೆ.

ಕನ್ನಡದಲ್ಲಿ ಕರಿಯ, ಕರಿಯಪ್ಪ, ಕರಿಯಮ್ಮ ಎಂಬವು ಮನೆಮನೆಯ ಹೆಸರುಗಳು, ದೇವರಿಗೂ ಸಲ್ಲುತ್ತವೆ. ಅದೇ ‘ಕರಿಯ’ವನ್ನು ಆಫ್ರಿಕದವರಿಗೆ ಅನ್ವಯಿಸಿದಾಗ ಹೀಯಾಳಿಕೆಯ ಧ್ವನಿ ಬರುತ್ತದೆ. ‘ನೀಗ್ರೋ’ ಹಳೆಯ ಬರಹಗಳಲ್ಲಿ ಸಹಜವಾಗಿತ್ತು. ಈಗಿನ ಪತ್ರಿಕೆಗಳು ‘ಕಪ್ಪುವರ್ಣೀಯ’ ಅಥವಾ ‘ಆಫ್ರಿಕನ್ ಮೂಲದ’ ಎಂದು ಬರೆಯುತ್ತವೆ. ಸಿದ್ದಿಗಳ ವಿಷಯದಲ್ಲಿ ಇವೆರಡೂ ಬೇಕಿಲ್ಲ. ಅವರೇ ಒಪ್ಪಿ ಧರಿಸಿದ ಹೆಸರು ಇದೆ, ಕಾನೂನಿನಲ್ಲಿರುವುದೂ ಅದೇ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. 2020ರ ತಿದ್ದುಪಡಿ ಧಾರವಾಡ, ಬೆಳಗಾವಿ ಜಿಲ್ಲೆಗಳವರಿಗೂ ಅದನ್ನು ವಿಸ್ತರಿಸಿತು. ಅದೇ ವರ್ಷ ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ರಾಜ್ಯದ ಶಾಸಕಾಂಗವನ್ನು ಪ್ರವೇಶಿಸಿದ ಮೊದಲ ಸಿದ್ದಿಯಾದರು.