ಸೂಜಿ ಹೋದ ದಾರಿ

ಕಸೂತಿ ಹಾಕಿದ ಹಳೆಯ ಇಳಕಲ್ಲ ಸೀರೆಯೊಂದನ್ನು ಕೈಗೆತ್ತಿಕೊಂಡು ಅದರ ಒಳಮೈ ತಿರುವಿ ನೋಡಿ. ಮೇಲೆ ಕಂಡ ಗೋಪುರವೇ ಹಿಂದೆಯೂ ಕಾಣುತ್ತದೆ. ಗಂಟಿಲ್ಲ, ಜೋಲುವ ಎಳೆಯಿಲ್ಲ. ಸೂಜಿ ಎಲ್ಲಿ ಒಳಹೊಕ್ಕಿತು, ಎಲ್ಲಿಂದ ಹಿಂದಿರುಗಿತು ಎಂಬುದರ ಗುರುತೇ ಸಿಗುವುದಿಲ್ಲ. ಗಾವಂತಿ, ಮುರಗಿ ಹೊಲಿಗೆಗಳ ಹೆಚ್ಚುಗಾರಿಕೆ ಅದು. ಆದರೆ ಅದೇ ಕಾರಣಕ್ಕೆ ಕಸೂತಿಯನ್ನು ಬಟ್ಟೆ ನೋಡಿ ಕಲಿಯುವುದು ಕಷ್ಟ. ಚಿತ್ತಾರ ಕಣ್ಣಿಗೆ ಬೀಳುತ್ತದೆ, ಸೂಜಿ ಹೋದ ದಾರಿ ಬೀಳುವುದಿಲ್ಲ. ದಾರಿ ಬಲ್ಲವರೊಬ್ಬರು ಪಕ್ಕದಲ್ಲಿ ಕೂತು ತೋರಿಸಬೇಕು. ಧಾರವಾಡ, ಗದಗ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಹೆಣ್ಣುಮಕ್ಕಳು ತಲೆಮಾರುಗಳ ಕಾಲ ಹಾಗೆ ಒಬ್ಬರ ಪಕ್ಕ ಒಬ್ಬರು ಕೂತದ್ದರಿಂದಲೇ ಈ ಕಲೆ ನಮ್ಮ ಕೈಗೆ ಬಂದಿದೆ. ಕಸೂತಿಯ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಚಾಲುಕ್ಯರಿಂದ ಆರಂಭಿಸುತ್ತಾರೆ. ನಾನು ಪಡಸಾಲೆಯಿಂದ ಆರಂಭಿಸುತ್ತೇನೆ.

ಇರುವುದು ನಾಲ್ಕೇ ಹೊಲಿಗೆ. ಗಾವಂತಿ ನೆಟ್ಟಗೆ, ಅಡ್ಡಡ್ಡ, ಓರೆಯಾಗಿ ಸಾಗುವ ಗೆರೆ. ಹೋಗುವಾಗ ಒಂದು ಹೊಲಿಗೆ ಹಾಕಿ ಒಂದರ ಜಾಗ ಬಿಡುತ್ತೇವೆ, ಬರುವಾಗ ಬಿಟ್ಟ ಜಾಗವನ್ನೆಲ್ಲ ತುಂಬುತ್ತೇವೆ. ಮುರಗಿಯೂ ಹೀಗೆಯೇ ಹೋಗಿ ಬರುವ ಹೊಲಿಗೆ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಇಳಿಯುತ್ತದೆ. ನೇಗಿಯಲ್ಲಿ ಸಣ್ಣ ದೊಡ್ಡ ಹೊಲಿಗೆಗಳು ಸಾಲುಸಾಲಾಗಿ ಕೂತು ಮಗ್ಗದಲ್ಲೇ ನೇಯ್ದಂತೆ ಕಾಣುತ್ತವೆ. ಮೆಂತೆ ಒಂದರ ಮೇಲೊಂದು ಅಡ್ಡ ಬೀಳುವ ಹೊಲಿಗೆ. ಆನೆಯ ಮೈ, ತೇರಿನ ಗಾಲಿ ಮುಂತಾದ ತುಂಬು ಜಾಗಗಳಿಗೆ ಅದು ಬೇಕು. ಬಟ್ಟೆಯ ಮೇಲೆ ಪೆನ್ಸಿಲ್ಲಿನ ಗೆರೆ ಎಳೆಯುವುದಿಲ್ಲ, ಅಚ್ಚು ಒತ್ತುವುದಿಲ್ಲ. ನೇಯ್ಗೆಯ ಎಳೆ ಎಣಿಸಿಯೇ ಹೊಲಿಯಬೇಕು. ಒಂದು ಎಳೆ ತಪ್ಪಿದರೆ ತೇರಿನ ಕಳಸ ವಾರೆಯಾಗುತ್ತದೆ.

ನನಗೆ ಸೂಜಿ ಹಿಡಿಸಿದವಳು ಗದಗಿನಲ್ಲಿದ್ದ ನಮ್ಮ ದೊಡ್ಡವ್ವ. ತುಳಸಿ ವೃಂದಾವನ ಹಾಕಲು ಕೂರಿಸಿದಾಗ ಅವಳು ಮೊದಲು ಹೇಳಿದ ಮಾತು: “ಹೋಗೂ ಮುಂದನ ಬರೂ ದಾರಿ ನೋಡ್ಕೋಬೇಕು ನೋಡವ್ವಾ.” ಕಟ್ಟೆಯ ಗೆರೆ ಎಳೆಯುತ್ತ ಸಾಗಿದಾಗ ನಡುವೆ ಕೊಂಬೆ ಬರುತ್ತದೆ. ಅಲ್ಲಿ ತಿರುಗಿ ಕೊಂಬೆಯ ತುದಿ ಮುಟ್ಟಿ, ಬಿಟ್ಟ ಜಾಗ ತುಂಬುತ್ತ ಬುಡಕ್ಕೆ ಬಂದು, ಆಮೇಲೆ ಕಟ್ಟೆಯ ಗೆರೆಯನ್ನು ಮುಂದುವರಿಸಬೇಕು. ಆ ತಿರುವು ಮರೆತು ಮುಂದೆ ಹೋದರೆ ಕೊಂಬೆಗೆಂದು ಮತ್ತೆ ಬೇರೆ ದಾರ ಹಿಡಿಯಬೇಕಾಗುತ್ತದೆ, ಹಿಂಬದಿಯ ಅಚ್ಚುಕಟ್ಟು ಕೆಡುತ್ತದೆ. ಚಿತ್ತಾರ ದೊಡ್ಡದಾದಷ್ಟೂ ಇಂಥ ತಿರುವುಗಳು ಹೆಚ್ಚು. ಅಂಬಾರಿ ಹೊತ್ತ ಆನೆಗೆ ಯಾವ ಕಾಲಿನಿಂದ ಹೊರಡಬೇಕು, ಸೊಂಡಿಲಿಗೆ ಯಾವಾಗ ಹೋಗಬೇಕು, ಅಂಬಾರಿಯ ಕಳಸ ಮುಟ್ಟಿ ಹೇಗೆ ಇಳಿಯಬೇಕು ಎಂಬುದಕ್ಕೆಲ್ಲ ಒಂದು ಕ್ರಮವಿದೆ. ದೊಡ್ಡವ್ವನಿಗೆ ಆ ಕ್ರಮ ಬಾಯಿಪಾಠವಾಗಿತ್ತು. ಅವಳಿಗೆ ಅದನ್ನು ಹೇಳಿಕೊಟ್ಟವಳು ಓಣಿಯ ಇನ್ನೊಬ್ಬ ಹೆಣ್ಣುಮಗಳು, ಅವಳ ಜೀವದ ಗೆಳತಿ.

ಓದು ಬರಹ ಬಾರದ ಹೆಂಗಸರ ನಡುವೆ ನೂರಾರು ಚಿತ್ತಾರಗಳು ಊರಿಂದೂರಿಗೆ ಹೇಗೆ ಹೋದವು ಎಂಬುದಕ್ಕೆ ಉತ್ತರ ಈ ಗೆಳೆತನದಲ್ಲೇ ಇದೆ. ಬಹಳ ಮನೆಗಳಲ್ಲಿ ಒಂದು ಮಾದರಿ ಬಟ್ಟೆ ಇರುತ್ತಿತ್ತು. ಅಂಗೈ ಅಗಲದ ಜಾಗದಲ್ಲಿ ಗೋಪುರ, ಅದರ ಪಕ್ಕ ನವಿಲು, ಕೆಳಗೆ ರುದ್ರಾಕ್ಷಿ, ಪಲ್ಲಕ್ಕಿ, ನಂದಿ, ತೊಟ್ಟಿಲು. ಹೊಸದೇನಾದರೂ ಕಂಡಾಗ ಅದರ ಮೂಲೆಯಲ್ಲಿ ಒಂದನ್ನು ಹಾಕಿಟ್ಟುಕೊಳ್ಳುತ್ತಿದ್ದರು. ಹುಡುಗಿ ಮದುವೆಯಾಗಿ ಹೋಗುವಾಗ ಸೀರೆಗಳ ನಡುವೆ ಆ ಬಟ್ಟೆಯೂ ಹೋಗುತ್ತಿತ್ತು. ನಾಗರ ಪಂಚಮಿಗೆ ತವರಿಗೆ ಬಂದವಳು ಗಂಡನ ಊರಿನ ಒಂದು ಹೊಸ ಬಳ್ಳಿಯನ್ನು ಕಲಿತುಬಂದಿರುತ್ತಿದ್ದಳು. ನಮ್ಮ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಜೋಕಾಲಿ, ಉಂಡಿಗಳ ನಡುವೆ ಬಾಲ್ಯದ ಗೆಳತಿಯರು ಮತ್ತೆ ಒಂದೆಡೆ ಸೇರುತ್ತಾರೆ. ಹಾಗೆ ಸೇರಿದವರ ಬೆರಳುಗಳಿಂದ ಬೆರಳುಗಳಿಗೆ ಹುನಗುಂದದ ಚಿತ್ತಾರ ಗದಗಿಗೆ, ಗದಗಿನದು ಸವದತ್ತಿಗೆ ಹೋಗುವುದನ್ನು ನಾನೇ ಕಂಡಿದ್ದೇನೆ. ಶ್ರಾವಣದ ಅರಿಷಿಣ ಕುಂಕುಮಕ್ಕೆ ಬಂದವಳ ಸೆರಗು ಚೆನ್ನಾಗಿದ್ದರೆ, “ಅಕ್ಕಾರ, ಒಂದ್ ಘಳಿಗಿ ಇತ್ತಾಗ ಬರ್ರಿ, ಎಳಿ ಎಣಿಸ್ಕೋತೀನಿ” ಎಂದು ಬೆಳಕಿಗೆ ಕರೆದು ಕೂರಿಸಿಕೊಳ್ಳುತ್ತಿದ್ದರು. ಯಾರೂ ಇದು ನನ್ನದು, ತೋರಿಸುವುದಿಲ್ಲ ಎಂದದ್ದು ನನಗೆ ನೆನಪಿಲ್ಲ. ಎಳೆ ಎಣಿಸಿಕೊಂಡವಳು ದಾರಿ ಕೇಳುತ್ತಿದ್ದಳು, ಉಟ್ಟವಳು ಹೇಳುತ್ತಿದ್ದಳು. ಮುಂದಿನ ಸಲ ಇವಳು ಅವಳಿಗೆ ಬೇರೊಂದನ್ನು ಹೇಳಿಕೊಡಬೇಕು ಎಂಬುದು ಹೇಳದೆಯೇ ಇಬ್ಬರಿಗೂ ಗೊತ್ತಿದ್ದ ಮಾತು.

ಈ ಸೂಜಿ ಕೆಲಸಕ್ಕೆ ಮೈಯೊಡ್ಡಿದ ಬಟ್ಟೆಗಳೂ ನಮ್ಮ ನೆಲದವೇ. ಇಳಕಲ್ಲ ಸೀರೆಯ ಮೈ ಹತ್ತಿಯದಾದರೆ ಸೆರಗು ರೇಷ್ಮೆಯದು, ಕೆಂಪು ಬಿಳಿಯ ಟೋಪು ತೆನಿ. ಮೈಯ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕೊಂಡಿ ಹಾಕಿ ಸೇರಿಸುವುದು ಅಲ್ಲಿಯ ನೇಕಾರರ ಪದ್ಧತಿ. ಕಸೂತಿ ಆ ಸೆರಗಿನ ಪಕ್ಕದಲ್ಲಿ ಆರಂಭವಾಗುತ್ತದೆ. ಸೆರಗಿನ ಹತ್ತಿರ ದೊಡ್ಡ ಗೋಪುರ, ತೇರು, ಆನೆ. ಅಲ್ಲಿಂದ ದೂರ ಸರಿದಂತೆ ಹಕ್ಕಿ, ಹೂವು, ಚಿಕ್ಕೆ. ಗುಳೇದಗುಡ್ಡದ ಖಣದ ಕುಬಸಕ್ಕೂ ಅಂಚಿನಲ್ಲಿ ಒಂದೆರಡು ಸಾಲು ಬೀಳುತ್ತಿತ್ತು. ಮದುವಣಗಿತ್ತಿಗೆ ಕರಿ ರೇಷ್ಮೆಯ ಚಂದ್ರಕಾಳಿ ಬೇಕೇ ಬೇಕೆನ್ನುವ ಮನೆಗಳಿದ್ದವು. ಕರಿ ನೆಲದ ಮೇಲೆ ಕೆಂಪು, ಹಸಿರು, ಕಿತ್ತಳೆ, ಹಳದಿ, ಬಿಳಿ ದಾರಗಳು ಎದ್ದು ಕಾಣುತ್ತವೆ. ಆದರೆ ಕರಿ ಬಟ್ಟೆಯ ಎಳೆ ಎಣಿಸುವುದು ಕಣ್ಣಿಗೆ ಬಲು ತ್ರಾಸು. ಅದಕ್ಕೇ ಊಟ ಮುಗಿದ ಮೇಲಿನ ಮಧ್ಯಾಹ್ನದ ಬೆಳಕು ಕಸೂತಿಯ ಹೊತ್ತಾಯಿತು, ಬೆಳಕು ಬೀಳುವ ಪಡಸಾಲೆ ಕಸೂತಿಯ ಜಾಗವಾಯಿತು.

ಗುಂಪಿನ ಕೆಲಸ ಎಂದರೆ ಏನೆಂದು ನನಗೆ ತಿಳಿದದ್ದು ಕುಂಚಿಗೆಯಿಂದ. ಕೂಸಿನ ತಲೆಗೆ ಹಾಕಿ ಬೆನ್ನ ಮೇಲೆ ಇಳಿಬಿಡುವ ಉಡುಪು ಅದು. ಓಣಿಯ ಮಗಳೊಬ್ಬಳು ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳೆಂದರೆ ಅವಳ ಕುಬಸದ ಕಾರ್ಯದ ಹೊತ್ತಿಗೇ ಕುಂಚಿಗೆಯ ಮಾತು ಏಳುತ್ತಿತ್ತು. ಬಟ್ಟೆ ಒಬ್ಬರ ಮನೆಯದು, ರೇಷ್ಮೆ ದಾರ ಇನ್ನೊಬ್ಬರದು. ಹಣೆಯ ಮೇಲೆ ಬರುವ ಪಟ್ಟಿಯನ್ನು ಕೈ ಚೆನ್ನಾಗಿ ಕೂತ ಹಿರಿಯಳು ಹಾಕುವಳು, ಬೆನ್ನಿನ ಭಾಗಕ್ಕೆ ಇಬ್ಬರು ಮೂವರು ಸೇರಿ ತೊಟ್ಟಿಲು, ಗಿಳಿ, ನವಿಲು ಹಾಕುವರು. ಅಂಚಿನ ಚಿಕ್ಕೆಗಳು ನಮ್ಮಂಥ ಕಲಿಯುವ ಹುಡುಗಿಯರ ಪಾಲು. ನಾನು ಹಾಕಿದ ಅಂಚು ಕೂಸಿನ ಮೈ ಮೇಲೆ ಕಂಡಾಗ ಆದ ಹಿಗ್ಗು ಆಮೇಲೆ ನಾನೊಬ್ಬಳೇ ಮುಗಿಸಿದ ಯಾವ ಸೀರೆಯಿಂದಲೂ ಆಗಿಲ್ಲ. ಆ ಕೂಸು ಇಡೀ ಓಣಿಯ ಕೂಸಾಗುತ್ತಿತ್ತು. ಕುಂಚಿಗೆಯೂ ಒಂದೇ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಅದು ತಂಗಿಯ ಕೂಸಿಗೆ, ನೆಗೆಣ್ಣಿಯ ಕೂಸಿಗೆ ದಾಟುತ್ತ ಹೋಗುತ್ತಿತ್ತು.

ಮಧ್ಯಾಹ್ನ ಕೂತು ಹೊಲಿಯುವ ಬಿಡುವು ಎಲ್ಲ ಹೆಂಗಸರಿಗೂ ಇರಲಿಲ್ಲ ಎಂಬುದನ್ನೂ ಇಲ್ಲಿ ಬರೆಯಲೇಬೇಕು. ಹೊಲದಲ್ಲಿ ಕಳೆ ತೆಗೆಯುವವಳು, ಇನ್ನೊಬ್ಬರ ಮನೆಯ ಕಾಳು ಹಸನು ಮಾಡುವವಳು ಪಡಸಾಲೆಯ ಕಸೂತಿ ಗುಂಪಿನಲ್ಲಿ ಕಾಣುತ್ತಿರಲಿಲ್ಲ. ಜಾತಿಯ ಗೆರೆಗಳೂ ಇದ್ದವು. ಒಂದು ಓಣಿಯ ಗುಂಪು ಇನ್ನೊಂದು ಓಣಿಯ ಕಟ್ಟೆ ಹತ್ತುತ್ತಿರಲಿಲ್ಲ. ದುಡಿಯುವ ಹೆಂಗಸರು ಒಟ್ಟಾಗಿ ಕೂರುತ್ತಿದ್ದದ್ದು ಹೆಚ್ಚಾಗಿ ಕೌದಿಗೆ. ಸುಗ್ಗಿ ಮುಗಿದು ಕೈ ಬಿಡುವಾದಾಗ ಹರಿದ ಸೀರೆ, ಧೋತರ, ಮಕ್ಕಳ ಅಂಗಿಯ ತುಂಡುಗಳನ್ನು ಪದರ ಪದರವಾಗಿ ಹಾಸಿ, ಸುತ್ತಲೂ ಕೂತು ಅಂಚಿನಿಂದ ನಡುವಿನ ಕಡೆಗೆ ಹೊಲಿಯುತ್ತ ಬರುತ್ತಿದ್ದರು. ಕುಂಚಿಗೆ ಬಿಟ್ಟರೆ ಕಸೂತಿಯಲ್ಲಿ ಬಟ್ಟೆ ಹಲವು, ಕೂಟ ಒಂದು. ಕೌದಿಯಲ್ಲಿ ಬಟ್ಟೆಯೂ ಒಂದೇ. ದೊಡ್ಡಮನೆಯ ಕಸೂತಿಯಷ್ಟೇ ಗೌರವ ಅಂಗಳದ ಕೌದಿಗೂ ಸಲ್ಲಬೇಕು. ಎರಡರಲ್ಲೂ ಹೆಣ್ಣುಮಕ್ಕಳು ತಮ್ಮ ಸುಖ ದುಃಖ ಹೇಳಿಕೊಳ್ಳಲು ಒಂದು ಹೊತ್ತನ್ನು ಗಳಿಸಿಕೊಂಡಿದ್ದರು. ಕೈಯಲ್ಲಿ ಕೆಲಸವಿದ್ದಾಗ ಹೆಂಗಸರು ಸುಮ್ಮನೆ ಕೂತಿದ್ದಾರೆಂದು ಯಾರೂ ಬಯ್ಯುವಂತಿರಲಿಲ್ಲ. ಗಂಡನ ಮನೆಯ ಕಷ್ಟ, ಸತ್ತ ಕೂಸಿನ ನೆನಪು, ಸಾಲದ ಚಿಂತೆ ಎಲ್ಲವೂ ತಲೆ ಎತ್ತದೆ, ಸೂಜಿ ನಿಲ್ಲಿಸದೆ ಅಲ್ಲಿ ಹೊರಬರುತ್ತಿದ್ದವು. ಕಣ್ಣಲ್ಲಿ ಕಣ್ಣಿಟ್ಟು ಹೇಳಲಾಗದ್ದನ್ನು ಬಟ್ಟೆ ನೋಡುತ್ತ ಹೇಳಬಹುದಿತ್ತು.

ಕಾಲ ಸರಿದಂತೆ ಪಡಸಾಲೆಗೆ ಹೊರಗಿನ ಗಾಳಿ ಬಂತು. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾಯಿತು. ರೇಡಿಯೋ ಇದ್ದವರ ಮನೆಯಲ್ಲಿ ಮಹಿಳೆಯರ ಕಾರ್ಯಕ್ರಮ ಕೇಳುತ್ತ ಹೊಲಿಯುವ ರೂಢಿ ಬೆಳೆಯಿತು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಹುಟ್ಟಿತು. ಅದನ್ನು ಮುನ್ನಡೆಸಿದವರು ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರು. ಕೈಕಸುಬುಗಳು ಬರೀ ಹಳೆಯ ಕಾಲದ ನೆನಪಾಗಿ ಉಳಿಯದೆ ಮಾಡುವವರಿಗೆ ಅನ್ನ ಕೊಡಬೇಕು ಎಂದು ಅವರು ದೇಶ ಸುತ್ತಿ ದುಡಿದರು. 1964ರಲ್ಲಿ ನಮ್ಮ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ ಬಂತು. ಅದರ ಕಾವೇರಿ ಮಳಿಗೆಗಳಲ್ಲಿ ಕಸೂತಿ ಮಾರಾಟಕ್ಕೆ ನಿಂತಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಗೃಹವಿಜ್ಞಾನದವರು ಹಳೆಯ ಸೀರೆಗಳ ಚಿತ್ತಾರಗಳನ್ನು ಅಭ್ಯಾಸ ಮಾಡಿದರು. ಈ ಶತಮಾನದ ಮೊದಲ ದಶಕದಲ್ಲಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು.

ಮನೆಯವರಿಗಾಗಿ ಹೊಲಿಯುತ್ತಿದ್ದ ಕೈಗೆ ಕೂಲಿ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಕಸೂತಿಯ ದುಡ್ಡಿನಲ್ಲಿ ಮಕ್ಕಳನ್ನು ಓದಿಸಿದ ವಿಧವೆಯರನ್ನು ನಾನು ಬಲ್ಲೆ. ಟೇಬಲ್ ಕ್ಲಾತು, ದಿಂಬಿನ ಚೀಲ, ಕುರ್ತಾ, ಚೀಲಗಳ ಮೇಲೆ ಗೋಪುರ ಬಂತು. ಎಳೆ ಎಣಿಸಲಾಗದ ನಯವಾದ ರೇಷ್ಮೆಗೂ ಒಂದು ಉಪಾಯ ಹುಡುಕಿದರು: ಮೇಲೆ ಜಾಳಾದ ಬಟ್ಟೆ ಇಟ್ಟು, ಅದರ ಎಳೆ ಎಣಿಸಿ ಹೊಲಿದು, ಆಮೇಲೆ ಆ ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವುದು. ಇದೆಲ್ಲ ಬುದ್ಧಿವಂತಿಕೆಯ ಬೆಳವಣಿಗೆಯೇ.

ಆದರೆ ನಗಕ್ಕಿಷ್ಟು ಎಂದು ಕೂಲಿ ಕಟ್ಟಿದ ಮೇಲೆ ಕೆಲಸ ಮನೆಮನೆಗೆ ಹಂಚಿಹೋಯಿತು. ಬಟ್ಟೆ ತಂದುಕೊಡುವವರು ಬಾಗಿಲಿಗೆ ಬಂದು ಹೋದರು, ಹೊಲಿಯುವವಳು ಒಬ್ಬಳೇ ಉಳಿದಳು. ಗೆಳತಿಗೆ ದಾರಿ ಹೇಳಿಕೊಡುತ್ತ ಕೂತರೆ ತನ್ನ ನಗ ಮುಗಿಯುವುದಿಲ್ಲ. ಬೇಗ ಮುಗಿಯುವ ಚಿತ್ತಾರಗಳಷ್ಟೇ ಮತ್ತೆ ಮತ್ತೆ ಬಂದವು. ಅಂಬಾರಿಯ ಆನೆ, ದೊಡ್ಡ ತೇರು ಹಾಕಬಲ್ಲವರು ಕಡಿಮೆಯಾದರು. ಈಗ ಯಂತ್ರದ ಕಸೂತಿ, ಅಚ್ಚಿನ ಕಸೂತಿ ಅಂಗಡಿ ತುಂಬಿವೆ. ಮುಂಬದಿಯಲ್ಲಿ ನೋಡಿದರೆ ಮೋಸ ಹೋಗುವಂತಿದೆ. ತಿರುವಿ ನೋಡಿದಾಗ ಮಾತ್ರ ನಿಜ ಗೊತ್ತಾಗುತ್ತದೆ. ಬೆಲೆಯಲ್ಲಿ ಕೈಕೆಲಸದವಳು ಯಂತ್ರದ ಜೊತೆ ಪೈಪೋಟಿ ಮಾಡಲಾರಳು.

ಮದುವೆಯಾಗಿ ಧಾರವಾಡಕ್ಕೆ ಬಂದ ಮೇಲೆ ನನಗೆ ಮತ್ತೊಂದು ಕೂಟ ಸಿಕ್ಕಿತು. ಮಾಳಮಡ್ಡಿಯಲ್ಲಿ ನಾವು ಕೆಲವರು ಈಗಲೂ ಮಧ್ಯಾಹ್ನ ಸೇರುತ್ತೇವೆ. ನಮ್ಮಲ್ಲಿ ನಿವೃತ್ತ ಶಿಕ್ಷಕಿಯರಿದ್ದಾರೆ, ಮನೆಗೆಲಸ ಮುಗಿಸಿ ಬರುವ ಹೆಣ್ಣುಮಗಳಿದ್ದಾಳೆ, ಕಾಲೇಜಿನ ಹುಡುಗಿಯರಿದ್ದಾರೆ. ನಮ್ಮ ತಾಯಂದಿರ ಕಾಲದಲ್ಲಿ ಒಂದೇ ಚಾಪೆಯ ಮೇಲೆ ಕೂರುತ್ತಿರದವರು ಇಲ್ಲಿ ಒಬ್ಬರ ಬಟ್ಟೆಯನ್ನು ಇನ್ನೊಬ್ಬರು ತೊಡೆಯ ಮೇಲೆ ಹಾಸಿಕೊಂಡು ಎಳೆ ಎಣಿಸುತ್ತಾರೆ. ಇದು ನಮ್ಮ ಕೂಟ ಹಳೆಯದಕ್ಕಿಂತ ಮೇಲಾಗಿರುವ ಒಂದು ಸಂಗತಿ, ನನಗೆ ಇದರ ಬಗ್ಗೆ ಹೆಮ್ಮೆಯಿದೆ. ಯಾರು ಹೊಸದು ಹಿಡಿದರೂ ಮೊದಲು ನಡುವೆ ಹಾಸಿ ತೋರಿಸಬೇಕು. ಸಿಕ್ಕು ಬಿದ್ದಲ್ಲಿ ಬಲ್ಲವರು ಬಿಡಿಸಿಕೊಡಬೇಕು, ಆದರೆ ತಾವೇ ಹೊಲಿದು ಮುಗಿಸಿಕೊಡಬಾರದು. ಹುಡುಗಿಯರು ಚೌಕುಳಿ ಹಾಳೆಯ ಮೇಲೆ ಚಿತ್ತಾರ ಬರೆದು, ಸೂಜಿಯ ದಾರಿಯನ್ನು ಬಾಣದ ಗುರುತಿನಿಂದ ತೋರಿಸುವುದನ್ನು ರೂಢಿಸಿದ್ದಾರೆ. ದೊಡ್ಡವ್ವನ ಬಾಯಲ್ಲಿದ್ದದ್ದು ಈಗ ಹಾಳೆಗೆ ಇಳಿಯುತ್ತಿದೆ. ಆದರೂ ಹಾಳೆ ನೋಡಿ ಕಲಿತವಳು ಮೊದಲ ತಿರುವಿನಲ್ಲಿ ತಲೆ ಎತ್ತಿ ಪಕ್ಕದವಳನ್ನೇ ಕೇಳುತ್ತಾಳೆ. ದಾರ ಎಷ್ಟು ಬಿಗಿ ಎಳೆಯಬೇಕು, ಬಟ್ಟೆ ಎಲ್ಲಿ ಸುಕ್ಕಾಗುತ್ತದೆ ಎಂಬುದನ್ನು ಬಾಣದ ಗುರುತು ಹೇಳುವುದಿಲ್ಲ.

ಕಸೂತಿಯನ್ನು ಉಳಿಸಬೇಕೆನ್ನುವವರು ಮಾರುಕಟ್ಟೆ, ತರಬೇತಿ, ಪ್ರಶಸ್ತಿಗಳ ಬಗ್ಗೆ ಮಾತಾಡುತ್ತಾರೆ. ಅವೆಲ್ಲ ಬೇಕು. ಅವುಗಳ ಜೊತೆಗೆ ಕೂರುವ ಜಾಗವೂ ಬೇಕು, ಹೊತ್ತೂ ಬೇಕು. ಕೂಲಿ ಕೊಡುವವರು ಹೊಲಿದ ನಗಕ್ಕೆ ಕೊಟ್ಟಂತೆ ಕಲಿಸಿದ ಹೊತ್ತಿಗೂ ಕೊಡಲಿ. ಊರಿನ ಮಹಿಳಾ ಮಂಡಳ, ಗ್ರಂಥಾಲಯ, ಶಾಲೆಯ ಖಾಲಿ ಕೋಣೆ ವಾರಕ್ಕೊಂದು ಮಧ್ಯಾಹ್ನ ತೆರೆದಿರಲಿ. ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜಿಯ ಸೀರೆಯಿದ್ದರೆ ಅದನ್ನು ಗಾಜಿನ ಚೌಕಟ್ಟಿಗೆ ಹಾಕಿಸಬೇಡಿ. ಕಸೂತಿ ಬಲ್ಲ ಹಿರಿಯರೊಬ್ಬರ ಬಳಿಗೆ ಒಯ್ಯಿರಿ, ಜೊತೆಗೆ ನಿಮ್ಮ ಮಗಳನ್ನೂ ಮಗನನ್ನೂ ಕರೆದೊಯ್ಯಿರಿ. ಆ ಹಿರಿಯರು ಬೆರಳಿಟ್ಟು ದಾರಿ ತೋರಿಸಬಲ್ಲ ದಿನಗಳು ಇನ್ನೂ ಇವೆ. ಆ ದಾರಿ ಗೊತ್ತಾದ ಒಬ್ಬ ಹುಡುಗಿ ಇನ್ನೊಬ್ಬಳಿಗೆ ಹೇಳಿಕೊಟ್ಟರೆ ಸಾಕು, ಚಾಲುಕ್ಯರ ಹೆಸರು ಹೇಳದೆಯೂ ಕಸೂತಿ ಬದುಕುತ್ತದೆ.