786 ನೋಟಿನ ಲೆಕ್ಕ

ಕೆಜಿಎಫ್ ಗಣಿ ಕೆಲಸದೋರ ಮನೆಗಳಲ್ಲಿ 786 ನಂಬರಿನ ನೋಟು ಮುರಿಸ್ತಿರ್ಲಿಲ್ಲ. ಮುಸಲ್ಮಾನರಿಗೆ ಅದು ಬಿಸ್ಮಿಲ್ಲಾ ಅಂಕಿ. ಲೈನ್‌ಮನೆಲಿ ಅಕ್ಕಪಕ್ಕ ಇದ್ದ ನಮ್ಗೂ ಅದೃಷ್ಟದ್ದೇ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿ ಸಂಬಳ ನಿಂತಾಗ್ಲೂ ನಮ್ಮಪ್ಪ ಅಂಥ ನೋಟೊಂದನ್ನ ಟ್ರಂಕಲ್ಲೇ ಇಕ್ಕಿದ್ರು.

ಮೊನ್ನೆ ಬಂಗಾರಪೇಟೆ ಚಿಕ್ಕಮ್ಮನಿಗೆ ಯಾರೋ ಫೋನ್ ಮಾಡವ್ರೆ: "ನಿಮ್ಮ 786 ನೋಟಿಗೆ ಲಕ್ಷಗಟ್ಲೆ ಬರುತ್ತೆ, ಮೊದ್ಲು ಕಮಿಷನ್ ಕಟ್ಟಿ." ಚಿಕ್ಕಮ್ಮ ಚೀಟಿ ದುಡ್ಡು ಎತ್ತೋಕೆ ಹೊರಟಿದ್ರು.

ಕೂರಿಸ್ಕೊಂಡು ಲೆಕ್ಕ ಹೇಳ್ದೆ. 000001ರಿಂದ 999999ರ ತನಕ ಒಂದು ಸಾಲಲ್ಲಿ ಎಲ್ಲಾದ್ರೂ 786 ಬರೋ ನಂಬರು 3,999. ಅಂದ್ರೆ ಇನ್ನೂರೈವತ್ತು ನೋಟಿಗೆ ಒಂದು! 786786 ಮಾತ್ರ ಒಂದೇ. 111111, 222222 ಥರದ್ದು ಒಂಬತ್ತೇ. ಹರಾಜಲ್ಲಿ ಬೆಲೆ ಏರೋದು ಇಂಥ ಅಪರೂಪಕ್ಕೆ, ಅದೂ ಮಡಿಕೆ ಬೀಳದ ಹೊಸ ನೋಟಿಗೆ. ನಂಬರಲ್ಲಿ ನಕ್ಷತ್ರ ಇರೋ ನೋಟೂ ಖೋಟಾ ಅಲ್ಲ. ಅಚ್ಚಲ್ಲಿ ಕೆಟ್ಟಿದ್ದರ ಬದಲಿಗೆ 2006ರಿಂದ ಬಂದಿರೋದು.

ಹಳೇ ನೋಟಿನ ವ್ಯಾಪಾರ ನಮ್ದಲ್ಲ, ಕಮಿಷನ್ನೂ ಕೇಳಲ್ಲ ಅಂತ ರಿಸರ್ವ್ ಬ್ಯಾಂಕು 2021ರ ಆಗಸ್ಟಲ್ಲೇ ಎಚ್ಚರಿಸೈತೆ. ಚಿಕ್ಕಮ್ಮ ಚೀಟಿ ದುಡ್ಡು ಮುಟ್ಲಿಲ್ಲ.

ನಿಮ್ಮನೇಲೂ ಇಂಥ ನೋಟಿದ್ರೆ ಇಕ್ಕೊಳ್ಳಿ, ಖುಷಿಪಡಿ. ಆದ್ರೆ ಕೊಳ್ಳೋಕೆ ಬಂದೋನೇ ಮೊದ್ಲು ದುಡ್ಡು ಕೇಳಿದ್ರೆ, ಅವ್ನಿಗೆ ಬೇಕಿರೋದು ನೋಟಲ್ಲ ಕಣ್ರಮ್ಮ.